ದೂರ ಬೇರೆ, ಏಣಿ ಬೇರೆ: ಹಡಗಲಿಯಲ್ಲಿ ಹುಟ್ಟಿದವರೊಬ್ಬರು ಮತ್ತು ಮೈ ಅಳೆಯುವ ಲೆಕ್ಕ

ಕತ್ರಿಗುಪ್ಪೆ ಮೇನ್ ರೋಡಿನ ಯಾವ ರೆಡಿಮೇಡ್ ಅಂಗಡಿಗೆ ಹೋದರೂ ಮೊದಲು ಕೇಳೋದು ಒಂದೇ ಪ್ರಶ್ನೆ: "ಸೈಜ್ ಎಷ್ಟು?" ನಲವತ್ತು ಅಂತೀವಿ. ಶರ್ಟು ಎದೆಗೆ ಸರಿಯಾಗಿ ಕೂರುತ್ತೆ, ತೋಳು ಮಾತ್ರ ಬೆರಳಿನ ತನಕ ಇಳಿಯುತ್ತೆ. ಪಕ್ಕದ ಕ್ರಾಸಿನ ಟೈಲರ್ ಹತ್ತಿರ ಹೋದರೆ ಅವರು ಟೇಪು ಹಿಡಿದು ಭುಜ, ಎದೆ, ಸೊಂಟ, ತೋಳು, ಕಾಲರ್, ಉದ್ದ ಅಂತ ಆರು ಅಂಕಿ ಬರೆದುಕೊಳ್ಳುತ್ತಾರೆ. ಎದೆ ದೊಡ್ಡದಾಗಿ ಬಂದು ಭುಜ ತೀರಾ ಚಿಕ್ಕದಾಗಿ ಬಂದರೆ ಟೇಪು ಮತ್ತೆ ಹಿಡಿಯುತ್ತಾರೆ. ಯಾವ ಅಳತೆ ಯಾವ ಅಳತೆಯ ಜೊತೆ ಬೆಳೆಯುತ್ತದೆ ಅನ್ನೋದು ಅವರಿಗೆ ಕೈಯಲ್ಲೇ ಗೊತ್ತು. ನಾವು ಮ್ಯಾಥ್ಸ್ ಪೇಪರಿನಲ್ಲಿ ಕೋವೇರಿಯನ್ಸ್ ಮ್ಯಾಟ್ರಿಕ್ಸ್ ಅಂತ ಬರೆಯೋದು ಇದನ್ನೇ.

ಒಂದು ಜೀವವನ್ನು ಒಂದೇ ಅಂಕಿಯಿಂದ ಅಳೆಯೋದಕ್ಕೂ ಹಲವು ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡೋದಕ್ಕೂ ಇರುವ ವ್ಯತ್ಯಾಸ ಶರ್ಟಿನ ಮಟ್ಟಿಗೆ ಚಿಕ್ಕದು. ಮನುಷ್ಯರನ್ನು ಗುಂಪು ಗುಂಪಾಗಿ ಅಳೆಯಲು ಹೊರಟಾಗ ಅದು ತುಂಬಾ ದೊಡ್ಡದು. ಆ ಕತೆಯಲ್ಲಿ ನಮ್ಮ ವಿಜಯನಗರ ಜಿಲ್ಲೆಯ ಹೂವಿನಹಡಗಲಿಗೂ ಒಂದು ಪಾಲಿದೆ. ಈ ಲೇಖನದಲ್ಲಿ ಅದನ್ನು ಹೇಳ್ತೀವಿ.

ಬಯೋಮೆಟ್ರಿ ಅಂದ್ರೆ ಅಟೆಂಡೆನ್ಸ್ ಮಷಿನ್ ಅಷ್ಟೇ ಅಲ್ಲ

'ಬಯೋಮೆಟ್ರಿಕ್' ಅಂದ ಕೂಡಲೇ ಬೆರಳು ಒತ್ತುವ ಮಷಿನ್ ನೆನಪಾಗುತ್ತೆ. ಆದರೆ ನೂರಿಪ್ಪತ್ತು ವರ್ಷ ಹಿಂದೆ ಬಯೋಮೆಟ್ರಿ ಅಂದರೆ ಜೀವಿಗಳ ಅಳತೆಗೆ ಸಂಖ್ಯಾಶಾಸ್ತ್ರ ಹಚ್ಚುವುದು. ಏಡಿಯ ಚಿಪ್ಪಿನ ಅಗಲ, ಹೂವಿನ ಎಸಳಿನ ಉದ್ದ, ಅಪ್ಪ ಅಮ್ಮನ ಎತ್ತರ, ಮಕ್ಕಳ ಎತ್ತರ ಇವೆಲ್ಲ ಅದರ ಕಚ್ಚಾ ಮಾಲು.

ಶುರು ಮಾಡಿದವರಲ್ಲಿ ಮುಖ್ಯನಾದವನು ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್. 1884ರಲ್ಲಿ ಲಂಡನ್ನಿನ ಆರೋಗ್ಯ ಪ್ರದರ್ಶನದಲ್ಲಿ ಒಂದು ಅಳತೆ ಕೇಂದ್ರ ತೆರೆದು, ಬಂದವರ ಎತ್ತರ, ತೂಕ, ಕಣ್ಣಿನ ದೃಷ್ಟಿ, ಹಿಡಿತದ ಬಲ ಎಲ್ಲ ದಾಖಲಿಸಿಕೊಂಡ. 1886ರಲ್ಲಿ ಹೆತ್ತವರ ಮತ್ತು ಮಕ್ಕಳ ಎತ್ತರವನ್ನು ಒಂದರ ಎದುರು ಒಂದು ಇಟ್ಟು ನೋಡಿದ. ಹೆತ್ತವರು ಸರಾಸರಿಗಿಂತ ಎಷ್ಟು ಎತ್ತರವಿದ್ದಾರೋ ಮಕ್ಕಳು ಅದರ ಮೂರನೇ ಎರಡು ಭಾಗದಷ್ಟು ಮಾತ್ರ ಎತ್ತರ ಇರುವುದು ಕಾಣಿಸಿತು. ಹೀಗೆ ಸರಾಸರಿಯ ಕಡೆಗೆ ಹಿಂದಿರುಗುವುದಕ್ಕೆ ಅವನಿಟ್ಟ ಹೆಸರೇ ರಿಗ್ರೆಶನ್. ಇವತ್ತು ಪೈಥಾನ್‌ನಲ್ಲಿ ಎರಡು ಸಾಲು ಬರೆದು ನಾವು ಓಡಿಸುವ ಲೀನಿಯರ್ ರಿಗ್ರೆಶನ್‌ಗೆ ಹೆಸರು ಬಂದದ್ದು ಹೀಗೆ. ಕೋರಿಲೇಶನ್ ಕಲ್ಪನೆಯೂ 1888ರಲ್ಲಿ ಅವನಿಂದಲೇ ಬಂತು. 1901ರಲ್ಲಿ ಗಾಲ್ಟನ್, ಕಾರ್ಲ್ ಪಿಯರ್ಸನ್, ವೆಲ್ಡನ್ ಸೇರಿ ಇದಕ್ಕಾಗಿಯೇ 'ಬಯೋಮೆಟ್ರಿಕಾ' ಅನ್ನುವ ಪತ್ರಿಕೆ ಶುರು ಮಾಡಿದರು.

ಅಂದರೆ ನಾವು ಓದುವ ಸಂಖ್ಯಾಶಾಸ್ತ್ರದ ದೊಡ್ಡ ಪಾಲು ಮಷಿನ್ ಅಳೆಯಲು ಹುಟ್ಟಿದ್ದಲ್ಲ, ಮೈ ಅಳೆಯಲು ಹುಟ್ಟಿದ್ದು.

ಮೂಗು ಹಿಡಿದು ಅಳೆದವರು

ಅದೇ ಹೊತ್ತಿಗೆ ಭಾರತದಲ್ಲಿ ಬ್ರಿಟಿಷ್ ಅಧಿಕಾರಿಗಳ ಕೈಗೆ ಕ್ಯಾಲಿಪರ್ ಬಂದಿತ್ತು. ನಾವು ವರ್ಕ್‌ಶಾಪಿನಲ್ಲಿ ಜಾಬ್ ಅಳೆಯುವ ಹಾಗೆ ಅವರು ಮನುಷ್ಯರ ತಲೆ, ಮೂಗು ಅಳೆದರು. ಮೂಗಿನ ಅಗಲವನ್ನು ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬರುವುದು 'ನೇಸಲ್ ಇಂಡೆಕ್ಸ್'. ಹರ್ಬರ್ಟ್ ರಿಸ್ಲಿ ಅನ್ನುವ ಅಧಿಕಾರಿ 1891ರಲ್ಲಿ ಬಂಗಾಳದ ಜಾತಿ ಬುಡಕಟ್ಟುಗಳ ಬಗ್ಗೆ ಪುಸ್ತಕ ತಂದ. ಮೂಗು ಅಗಲವಾದಷ್ಟೂ ಜಾತಿಯ ಸ್ಥಾನ ಕೆಳಗೆ ಅನ್ನುವುದು ಅವನ ವಾದ. ಮುಂದೆ 1901ರ ಜನಗಣತಿಯ ಮುಖ್ಯಸ್ಥನೂ ಅವನೇ ಆದ. ದಕ್ಷಿಣದಲ್ಲಿ ಮದ್ರಾಸ್ ಮ್ಯೂಸಿಯಮ್ಮಿನ ಮುಖ್ಯಸ್ಥ ಎಡ್ಗರ್ ಥರ್ಸ್ಟನ್ ಇದೇ ಥರ ಅಳೆಯುತ್ತ ಓಡಾಡಿ, 1909ರಲ್ಲಿ ಏಳು ಸಂಪುಟಗಳನ್ನು ಹೊರತಂದ.

ಇಲ್ಲಿ ಎರಡು ತಪ್ಪು ಒಟ್ಟಿಗೆ ನಡೆದಿವೆ. ಮೊದಲನೆಯದು ಲೆಕ್ಕದ ತಪ್ಪು: ಇಡೀ ಮನುಷ್ಯನಿಗೆ ಒಂದೇ ಅಂಕಿ, ಆ ಅಂಕಿಗೂ ಒಂದು ಗುಂಪಿನೊಳಗೆ ಎಷ್ಟು ಹರಡುವಿಕೆ ಇದೆ ಅನ್ನುವುದಕ್ಕೆ ಬೆಲೆ ಇಲ್ಲ. ಎರಡನೆಯದು ಅದಕ್ಕಿಂತ ಆಳದ್ದು: ಅಳತೆ ಬರೋದಕ್ಕೆ ಮೊದಲೇ ಏಣಿ ಸಿದ್ಧವಾಗಿತ್ತು. ಯಾರು ಮೇಲೆ, ಯಾರು ಕೆಳಗೆ ಅನ್ನೋದು ತೀರ್ಮಾನ ಆಗಿತ್ತು. ಮೂಗನ್ನು ಆ ಏಣಿಗೆ ಒರಗಿಸಿದರು ಅಷ್ಟೇ.

ಜಿ. ಎಸ್. ಘುರ್ಯೆ 1932ರ ತಮ್ಮ ಪುಸ್ತಕದಲ್ಲಿ ಇದೇ ಅಂಕಿಗಳನ್ನು ಪ್ರಾಂತ್ಯವಾರು ಬಿಡಿಸಿ ನೋಡಿ ರಿಸ್ಲಿಯ ವಾದ ದೇಶಕ್ಕೆಲ್ಲ ಹೊಂದುವುದಿಲ್ಲ ಅಂತ ತೋರಿಸಿದರು. ಅಂಬೇಡ್ಕರ್ 1948ರಲ್ಲಿ ಅಸ್ಪೃಶ್ಯರ ಬಗ್ಗೆ ಬರೆದ ಪುಸ್ತಕದಲ್ಲಿ ಘುರ್ಯೆ ಕೊಟ್ಟ ಆ ಅಳತೆಗಳನ್ನೇ ಎತ್ತಿಕೊಂಡು, ಅಸ್ಪೃಶ್ಯತೆಗೆ ಜನಾಂಗದ ಆಧಾರವೇ ಇಲ್ಲ ಎಂದು ವಾದಿಸಿದರು. ಕೀಳು ಅಂತ ಸಾಬೀತು ಮಾಡಲು ಕೂಡಿಸಿದ ಡೇಟಾ ಕೊನೆಗೆ ಅದೇ ಮಾತಿನ ವಿರುದ್ಧ ಸಾಕ್ಷಿ ಹೇಳಿತು.

ಹಡಗಿನಲ್ಲಿ ಓದಿದ ಪತ್ರಿಕೆ

ಪ್ರಶಾಂತ ಚಂದ್ರ ಮಹಾಲನೋಬಿಸ್ ಹುಟ್ಟಿದ ಜೂನ್ 29 ಈಗ ರಾಷ್ಟ್ರೀಯ ಸಂಖ್ಯಾಶಾಸ್ತ್ರ ದಿನ. ಅವರು ಓದಿದ್ದು ಫಿಸಿಕ್ಸ್. 1915ರಲ್ಲಿ ಕೇಂಬ್ರಿಡ್ಜಿನಿಂದ ಹೊರಡುವ ಮುಂಚೆ ಲೈಬ್ರರಿಯಲ್ಲಿ 'ಬಯೋಮೆಟ್ರಿಕಾ' ಕಣ್ಣಿಗೆ ಬಿತ್ತು. ಇಡೀ ಸೆಟ್ ಕೊಂಡುಕೊಂಡು ಹಡಗಿನಲ್ಲಿ ಓದುತ್ತಾ ಕಲ್ಕತ್ತಕ್ಕೆ ಬಂದರು. 1920ರ ನಾಗಪುರದ ಸೈನ್ಸ್ ಕಾಂಗ್ರೆಸ್ಸಿನಲ್ಲಿ ನೆಲ್ಸನ್ ಅನಾಂಡೇಲ್ ಎನ್ನುವ ಪ್ರಾಣಿಶಾಸ್ತ್ರಜ್ಞ ಕಲ್ಕತ್ತದ ಆಂಗ್ಲೋ-ಇಂಡಿಯನ್ನರ ಮೈ ಅಳತೆಗಳನ್ನು ಕೊಟ್ಟು "ಇದರಲ್ಲಿ ಏನಿದೆ ನೋಡಿ" ಅಂದರು. 1922ರಲ್ಲಿ ಬಂದ ಆ ಲೇಖನವೇ ಅವರ ಮೊದಲ ಸಂಖ್ಯಾಶಾಸ್ತ್ರದ ಕೆಲಸ. 1931ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ, ಅಂದರೆ ಐಎಸ್‌ಐ ಹುಟ್ಟಿತು. 1933ರಲ್ಲಿ 'ಸಂಖ್ಯಾ' ಪತ್ರಿಕೆ ಬಂತು. ರಿಸ್ಲಿಯ ಹಳೆಯ ಬಂಗಾಳದ ಅಂಕಿಗಳನ್ನು ಮರುಪರಿಶೀಲಿಸಿದ ಅವರ ಲೇಖನವೂ ಆ ಪತ್ರಿಕೆಯಲ್ಲೇ ಬಂದಿದೆ.

ಅವರ ಮುಂದಿದ್ದ ಪ್ರಶ್ನೆ ಇದು: ಎರಡು ಗುಂಪಿನ ಜನರ ಹತ್ತಾರು ಅಳತೆ ಕೈಯಲ್ಲಿದ್ದರೆ, ಆ ಗುಂಪುಗಳ ನಡುವಿನ ದೂರವನ್ನು ಒಂದೇ ಅಂಕಿಯಲ್ಲಿ, ಮೋಸ ಇಲ್ಲದ ಹಾಗೆ ಹೇಳುವುದು ಹೇಗೆ? 1936ರಲ್ಲಿ ಪ್ರಕಟವಾದ ಉತ್ತರವೇ 'ಡಿ-ಸ್ಕ್ವೇರ್'. ನಾವು ಇವತ್ತು ಮಷಿನ್ ಲರ್ನಿಂಗ್ ಕ್ಲಾಸಿನಲ್ಲಿ ಮಹಾಲನೋಬಿಸ್ ಡಿಸ್ಟೆನ್ಸ್ ಅಂತ ಕಲಿಯುವುದು ಇದನ್ನೇ.

ಒಂದು ಲೆಕ್ಕ ಮಾಡಿಯೇ ನೋಡೋಣ

ಅಂಕಿಗಳು ನಾವೇ ಊಹಿಸಿಕೊಂಡವು, ಲೆಕ್ಕ ಸುಲಭವಾಗಲಿ ಅಂತ. ಒಂದು ಕ್ಲಾಸಿನ ಹುಡುಗರ ಸರಾಸರಿ ಎತ್ತರ 168 ಸೆಂ.ಮೀ., ಸ್ಟ್ಯಾಂಡರ್ಡ್ ಡೀವಿಯೇಶನ್ 8. ಸರಾಸರಿ ತೂಕ 62 ಕೆ.ಜಿ., ಸ್ಟ್ಯಾಂಡರ್ಡ್ ಡೀವಿಯೇಶನ್ 10. ಎತ್ತರಕ್ಕೂ ತೂಕಕ್ಕೂ ಕೋರಿಲೇಶನ್ 0.6 ಅಂತ ಇಟ್ಟುಕೊಳ್ಳಿ.

ಈಗ ಇಬ್ಬರು ಬರ್ತಾರೆ. ಮೊದಲನೆಯವನು 180 ಸೆಂ.ಮೀ., 77 ಕೆ.ಜಿ. ಎರಡನೆಯವನು 180 ಸೆಂ.ಮೀ., 47 ಕೆ.ಜಿ. ಸರಾಸರಿಯಿಂದ ಇವರಲ್ಲಿ ಯಾರು ಹೆಚ್ಚು ದೂರ?

ಬರೀ ಅಂತರ ನೋಡಿದರೆ ಇಬ್ಬರೂ ಸಮ. ಎತ್ತರದಲ್ಲಿ ಇಬ್ಬರೂ 12 ಸೆಂ.ಮೀ. ಮೇಲೆ, ಅಂದರೆ ಒಂದೂವರೆ ಸ್ಟ್ಯಾಂಡರ್ಡ್ ಡೀವಿಯೇಶನ್. ತೂಕದಲ್ಲಿ ಒಬ್ಬ 15 ಕೆ.ಜಿ. ಮೇಲೆ, ಇನ್ನೊಬ್ಬ 15 ಕೆ.ಜಿ. ಕೆಳಗೆ, ಅದೂ ಒಂದೂವರೆಯೇ. ಪೈಥಾಗೊರಸ್ ಹಾಕಿದರೆ ಇಬ್ಬರಿಗೂ 2.12 ಬರುತ್ತೆ.

ಆದರೆ ನಮ್ಮ ಕಣ್ಣು ಇದನ್ನು ಒಪ್ಪಲ್ಲ. ಎತ್ತರಕ್ಕೆ ತಕ್ಕ ತೂಕ ಇರುವ ಮೊದಲನೆಯವನು ದೊಡ್ಡ ಆಳು, ಅಷ್ಟೇ. ಎರಡನೆಯವನನ್ನು ನೋಡಿದ ಅಜ್ಜಿ ಯಾರಾದರೂ "ಊಟ ಮಾಡ್ತೀಯೇನಪ್ಪಾ?" ಅಂತ ಕೇಳದೆ ಬಿಡಲ್ಲ. ಅಜ್ಜಿಯ ಕಣ್ಣಿಗೆ ಕಂಡದ್ದನ್ನು ಲೆಕ್ಕಕ್ಕೆ ತರೋದು ಹೇಗೆ?

ಎರಡು ಅಂತರಗಳನ್ನು ಸ್ಟ್ಯಾಂಡರ್ಡ್ ಡೀವಿಯೇಶನ್ ಲೆಕ್ಕದಲ್ಲಿ ಬರೆಯಿರಿ. ಅವುಗಳ ವರ್ಗಗಳನ್ನು ಕೂಡಿಸಿ. ಅದರಿಂದ ಎರಡು ಅಂತರಗಳ ಗುಣಲಬ್ಧವನ್ನು ಕೋರಿಲೇಶನ್‌ನ ಎರಡರಷ್ಟರಿಂದ ಗುಣಿಸಿ ಕಳೆಯಿರಿ. ಬಂದದ್ದನ್ನು, ಒಂದರಿಂದ ಕೋರಿಲೇಶನ್‌ನ ವರ್ಗ ಕಳೆದ ಅಂಕಿಯಿಂದ ಭಾಗಿಸಿ. ಮೊದಲನೆಯವನಿಗೆ: 4.5ರಿಂದ 2.7 ಕಳೆದರೆ 1.8, ಅದನ್ನು 0.64ರಿಂದ ಭಾಗಿಸಿದರೆ ಸುಮಾರು 2.81. ಎರಡನೆಯವನ ತೂಕದ ಅಂತರ ಮೈನಸ್ ಆದ್ದರಿಂದ ಕಳೆಯುವುದು ಕೂಡುವುದಾಗುತ್ತೆ: 7.2 ಭಾಗಿಸು 0.64, ಅಂದರೆ 11.25. ವರ್ಗಮೂಲ ತೆಗೆದರೆ ಮೊದಲನೆಯವನು 1.68 ದೂರ, ಎರಡನೆಯವನು 3.35 ದೂರ. ಸರಿಯಾಗಿ ಎರಡರಷ್ಟು! ಅಳತೆಗಳು ಎರಡಕ್ಕಿಂತ ಹೆಚ್ಚಾದಾಗ ಇದೇ ಕೆಲಸವನ್ನು ಕೋವೇರಿಯನ್ಸ್ ಮ್ಯಾಟ್ರಿಕ್ಸಿನ ಇನ್ವರ್ಸ್ ಮಾಡುತ್ತೆ.

ಅರ್ಥ ಆಗದಿದ್ದರೆ ನಮ್ಮ ರಿಂಗ್ ರೋಡ್ ನೆನೆಸಿಕೊಳ್ಳಿ. ಕತ್ರಿಗುಪ್ಪೆಯಲ್ಲಿ ರಿಂಗ್ ರೋಡಿನ ಉದ್ದಕ್ಕೆ ಗಾಡಿಗಳ ಜೊತೆ ಒಂದು ಕಿಲೋಮೀಟರ್ ಸಾಗೋದು ದೊಡ್ಡ ವಿಷಯ ಅಲ್ಲ. ಅದೇ ರೋಡನ್ನು ಸಂಜೆ ಆರು ಗಂಟೆಗೆ ನಡೆದು ಅಡ್ಡ ದಾಟಬೇಕು ಅಂದರೆ, ನೂರು ಅಡಿಯೇ ಆದರೂ ಅದು ದೂರ. ಡೇಟಾದಲ್ಲೂ ಹಾಗೇ. ಎತ್ತರ ತೂಕ ಜೊತೆಜೊತೆಗೆ ಹರಿಯುವ ದಿಕ್ಕಿನಲ್ಲಿ ದೂರ ಹೋದರೂ ಹತ್ತಿರವೇ, ಹರಿವಿಗೆ ಅಡ್ಡ ಹೋದರೆ ಸ್ವಲ್ಪವೇ ದೂರ. ಇನ್ನೊಂದು ಲಾಭ: ಎತ್ತರವನ್ನು ಸೆಂಟಿಮೀಟರ್ ಬಿಟ್ಟು ಅಡಿಯಲ್ಲಿ ಬರೆದರೂ ಉತ್ತರ ಬದಲಾಗಲ್ಲ.

ಹಡಗಲಿಯಿಂದ ಕೇಂಬ್ರಿಡ್ಜಿಗೆ

ಈಗ ಹೂವಿನಹಡಗಲಿಗೆ ಬರೋಣ. 1920ರ ಸೆಪ್ಟೆಂಬರ್ 10ರಂದು ಅಲ್ಲಿ ಒಂದು ತೆಲುಗು ಮನೆಯಲ್ಲಿ ಎಂಟನೇ ಮಗು ಹುಟ್ಟಿತು. ದೇವಕಿಯ ಎಂಟನೇ ಮಗ ಕೃಷ್ಣ ಅಲ್ವಾ, ಹಾಗಾಗಿ ರಾಧಾಕೃಷ್ಣ ಅಂತ ಹೆಸರಿಟ್ಟರು. ಅವರೇ ಕಲ್ಯಂಪುಡಿ ರಾಧಾಕೃಷ್ಣ ರಾವ್, ಜಗತ್ತಿಗೆ ಸಿ. ಆರ್. ರಾವ್. ಹಡಗಲಿ ಆಗ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. ತಂದೆ ಪೊಲೀಸ್ ಇನ್ಸ್‌ಪೆಕ್ಟರ್, ವರ್ಗಾವಣೆಯ ಕೆಲಸ. ಹಾಗಾಗಿ ಓದು ಆಂಧ್ರದ ಊರುಗಳಲ್ಲಿ ನಡೆಯಿತು. ಆಂಧ್ರ ವಿಶ್ವವಿದ್ಯಾಲಯದಲ್ಲಿ ಗಣಿತದ ಎಂ.ಎ. ಮುಗಿಸಿ, ಮಿಲಿಟರಿಗೆ ಸೇರಿದ ಒಂದು ಕೆಲಸದ ಇಂಟರ್ವ್ಯೂಗೆ ಕಲ್ಕತ್ತಕ್ಕೆ ಹೋದರು. ಆ ಕೆಲಸ ಸಿಗಲಿಲ್ಲ. ಅದೇ ಊರಿನಲ್ಲಿದ್ದ ಐಎಸ್‌ಐ ನೋಡಿ, 1941ರ ಜನವರಿಯಲ್ಲಿ ಟ್ರೇನಿಂಗಿಗೆ ಸೇರಿದರು. ಪ್ಲೇಸ್‌ಮೆಂಟ್ ಸೀಸನ್ನಿನಲ್ಲಿ ಇರುವವರು ಈ ಸಾಲನ್ನು ಇನ್ನೊಮ್ಮೆ ಓದಬಹುದು.

ಅಲ್ಲಿ ಅವರ ಮುಂದೆ ಬಂದದ್ದು ಮೈ ಅಳತೆಯ ಡೇಟಾ. 1941ರ ಸುಮಾರಿಗೆ ಡಿ. ಎನ್. ಮಜುಂದಾರ್ ಈಗಿನ ಉತ್ತರಪ್ರದೇಶದಲ್ಲಿ ಸಾವಿರಾರು ಜನರನ್ನು ಅಳೆದಿದ್ದರು. ಮಹಾಲನೋಬಿಸ್, ಮಜುಂದಾರ್, ರಾವ್ ಮೂವರೂ ಸೇರಿ ಮಾಡಿದ ವಿಶ್ಲೇಷಣೆ 1949ರಲ್ಲಿ 'ಸಂಖ್ಯಾ'ದಲ್ಲಿ ಪ್ರಕಟವಾಯಿತು. ಕಂಪ್ಯೂಟರ್ ಇಲ್ಲದ ಕಾಲ. ಹತ್ತು ಹನ್ನೆರಡು ಅಳತೆಗಳ ಮ್ಯಾಟ್ರಿಕ್ಸ್ ಇನ್ವರ್ಸ್ ಅನ್ನು ಕೈ ತಿರುಗಿಸುವ ಲೆಕ್ಕದ ಮಷಿನ್ನಿನಲ್ಲಿ ಮಾಡಬೇಕಿತ್ತು. ಮೂರು ಬೈ ಮೂರರ ಇನ್ವರ್ಸ್ ಮಾಡುವಾಗಲೇ ಇಂಟರ್ನಲ್ಸ್‌ನಲ್ಲಿ ನಮಗೆ ಟೈಮ್ ಸಾಲಲ್ಲ.

1945ರಲ್ಲಿ, ಇಪ್ಪತ್ತೈದು ತುಂಬುವ ವಯಸ್ಸಿನಲ್ಲಿ, ರಾವ್ ಒಂದು ಲೇಖನ ಬರೆದರು. ಇವತ್ತು ಕ್ರಾಮರ್-ರಾವ್ ಬೌಂಡ್, ರಾವ್-ಬ್ಲ್ಯಾಕ್‌ವೆಲ್ ಪ್ರಮೇಯ ಅಂತ ಸಿಗ್ನಲ್ ಪ್ರೊಸೆಸಿಂಗ್ ಓದುವವರಿಗೂ ಎದುರಾಗುವ ಎರಡೂ ಅದೊಂದೇ ಲೇಖನದಲ್ಲಿವೆ. ಕ್ಲಾಸಿನಲ್ಲಿ ಪಾಠ ಮಾಡುವಾಗ ವಿ. ಎಂ. ದಾಂಡೇಕರ್ ಎಂಬ ವಿದ್ಯಾರ್ಥಿ ಕೇಳಿದ ಪ್ರಶ್ನೆಯಿಂದ ಮೊದಲನೆಯದು ಹುಟ್ಟಿತು. ಆ ರಾತ್ರಿ ಕೂತು ಸಾಧಿಸಿ, ಮರುದಿನ ಕ್ಲಾಸಿನಲ್ಲಿ ಹೇಳಿದರು.

1946ರಲ್ಲಿ ಕೇಂಬ್ರಿಡ್ಜಿನ ಮ್ಯೂಸಿಯಂ ಒಂದು ಕೆಲಸಕ್ಕೆ ಮಹಾಲನೋಬಿಸ್‌ ಅವರಿಂದ ಜನ ಕೇಳಿತು. ಸುಡಾನಿನ ಜೆಬೆಲ್ ಮೋಯ ಎಂಬಲ್ಲಿ 1910ರಿಂದ 1914ರ ನಡುವೆ ಅಗೆದು ತೆಗೆದ ಅಸ್ಥಿಪಂಜರಗಳು ಅಲ್ಲಿದ್ದವು. ಅವು ಯಾವ ಜನರಿಗೆ ಹತ್ತಿರ ಅಂತ ಅಳೆದು ಹೇಳಬೇಕಿತ್ತು. ಡಿ-ಸ್ಕ್ವೇರ್ ಇದಕ್ಕೆ ಹೇಳಿ ಮಾಡಿಸಿದ ಸಾಧನ. ಇತ್ತ ಮೂಳೆಗಳ ಲೆಕ್ಕ, ಅತ್ತ ಆರ್. ಎ. ಫಿಶರ್ ಅವರ ಲ್ಯಾಬಿನಲ್ಲಿ ಇಲಿಗಳ ಜೀನ್ ಮ್ಯಾಪಿಂಗ್, ಎರಡನ್ನೂ ಮಾಡುತ್ತ ಫಿಶರ್ ಮಾರ್ಗದರ್ಶನದಲ್ಲಿ 1948ರಲ್ಲಿ ಪಿಎಚ್‌ಡಿ ಪಡೆದರು. ಹಲವು ಅಳತೆಗಳನ್ನು ಒಟ್ಟಿಗೆ ಬಳಸಿ ಜೀವಿಗಳನ್ನು ವರ್ಗೀಕರಿಸುವುದು ಹೇಗೆ ಅನ್ನುವುದೇ ಅವರ ವಿಷಯ. ರಾವ್ ಅವರಿಗೆ 2001ರಲ್ಲಿ ಪದ್ಮವಿಭೂಷಣ, 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂತು. ಅದೇ ವರ್ಷ ಆಗಸ್ಟ್ 22ರಂದು, 102ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ದೂರಕ್ಕೆ ಮೇಲು ಕೀಳು ಇಲ್ಲ

ಇನ್ನೊಂದು ಸಂಗತಿ ಗಮನಿಸಿ. ಮಷಿನ್ ಲರ್ನಿಂಗ್ ಕಲಿಯುವವರು ಮೊದಲ ವಾರದಲ್ಲೇ ಲೋಡ್ ಮಾಡುವ ಐರಿಸ್ ಡೇಟಾಸೆಟ್ ಇದೆಯಲ್ಲ, ಮೂರು ಜಾತಿಯ ತಲಾ 50 ಹೂವು, ಒಟ್ಟು 150, ಪ್ರತಿ ಹೂವಿಗೆ ನಾಲ್ಕು ಅಳತೆ. ಹೂ ಅಳೆದದ್ದು ಎಡ್ಗರ್ ಆಂಡರ್ಸನ್, ಲೆಕ್ಕ ಮಾಡಿದ್ದು ಇದೇ ಫಿಶರ್. ಅದೂ ಬಂದದ್ದು 1936ರಲ್ಲೇ. ಬಂದ ಪತ್ರಿಕೆಯ ಹೆಸರು 'ಆನಲ್ಸ್ ಆಫ್ ಯುಜೆನಿಕ್ಸ್'. 'ಒಳ್ಳೆಯ ತಳಿ'ಯ ಮನುಷ್ಯರು ಹೆಚ್ಚಬೇಕು, 'ಕೆಟ್ಟ ತಳಿ'ಯವರು ಕಡಿಮೆಯಾಗಬೇಕು ಅನ್ನುವ ವಾದಕ್ಕೆ ಯುಜೆನಿಕ್ಸ್ ಅಂತ 1883ರಲ್ಲಿ ಹೆಸರು ಕೊಟ್ಟವನು ಗಾಲ್ಟನ್. ಪಿಯರ್ಸನ್, ಫಿಶರ್ ಇಬ್ಬರೂ ಅದನ್ನು ನಂಬಿದವರು. ಆ ವಾದದ ಹೆಸರಿನಲ್ಲಿ ಅಮೆರಿಕದಲ್ಲಿ, ನಾಜಿ ಜರ್ಮನಿಯಲ್ಲಿ ಬಲವಂತದ ಸಂತಾನಹರಣ ನಡೆಯಿತು. 2020ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜು ತನ್ನ ಕಟ್ಟಡಗಳಿಂದ ಗಾಲ್ಟನ್, ಪಿಯರ್ಸನ್ ಹೆಸರುಗಳನ್ನು ತೆಗೆದುಹಾಕಿತು.

ಹಾಗಾದರೆ ಲೆಕ್ಕವೂ ಕೆಟ್ಟದ್ದಾ? ಇಲ್ಲ. ಡಿ-ಸ್ಕ್ವೇರ್ ಅನ್ನು ಒಮ್ಮೆ ಸರಿಯಾಗಿ ನೋಡಿ. ಎ ಯಿಂದ ಬಿ ಗೆ ಎಷ್ಟು ದೂರವೋ ಬಿ ಯಿಂದ ಎ ಗೂ ಅಷ್ಟೇ. ಅದರಲ್ಲಿ ಮೈನಸ್ ಇಲ್ಲ, ಮೇಲೆ ಇಲ್ಲ, ಕೆಳಗೆ ಇಲ್ಲ. ಎರಡು ಗುಂಪು ಬೇರೆ ಬೇರೆ ಅಂತ ಹೇಳಬಹುದು, ಯಾವುದು ಉತ್ತಮ ಅಂತ ಹೇಳೋಕೆ ಆ ಫಾರ್ಮುಲಾದಲ್ಲಿ ಜಾಗವೇ ಇಲ್ಲ. ದೂರವನ್ನು ಏಣಿ ಮಾಡೋದು ಲೆಕ್ಕದ ಹೊರಗಿನ ಕೈ. ಹಾಗಂತ ಲೆಕ್ಕವೇ ನಮ್ಮನ್ನು ಕಾಪಾಡುತ್ತೆ ಅಂತಲೂ ಅಲ್ಲ. ಯಾರನ್ನು ಅಳೆಯಬೇಕು, ಯಾವ ಗುಂಪಿಗೆ ಸೇರಿಸಬೇಕು, ಮೂಗೋ ಕೈಯೋ ಅನ್ನುವ ಆಯ್ಕೆ ಫಾರ್ಮುಲಾಗಿಂತ ಮೊದಲೇ ಆಗಿರುತ್ತೆ.

ಬೆರಳು, ಕಣ್ಣು, ಥ್ರೆಶೋಲ್ಡ್

ಈಗ ಅಟೆಂಡೆನ್ಸ್ ಮಷಿನ್ ಕಡೆಗೆ ಬರೋಣ, ಯಾಕಂದ್ರೆ ಇದು ನಾವೇ ನಾಳೆ ಕಟ್ಟುವ ಸಿಸ್ಟಂ. 2009ರಲ್ಲಿ ಶುರುವಾದ ಯುಐಡಿಎಐಗೆ ಮೊದಲ ಅಧ್ಯಕ್ಷರು ಬೆಂಗಳೂರಿನ ನಂದನ್ ನಿಲೇಕಣಿ. ಅದರ ಟೆಕ್ನಾಲಜಿ ಸೆಂಟರ್ ಇರೋದೂ ಬೆಂಗಳೂರಲ್ಲೇ. ಹತ್ತು ಬೆರಳ ಗುರುತು, ಎರಡು ಕಣ್ಣಿನ ಪಾಪೆಯ ಸುತ್ತಲಿನ ಬಣ್ಣದ ಉಂಗುರ, ಒಂದು ಫೋಟೋ ಸೇರಿದರೆ ಒಂದು ಆಧಾರ್. 2016ರಲ್ಲೇ ಇದು ನೂರು ಕೋಟಿ ದಾಟಿತು.

ಹಳೆ ಬಯೋಮೆಟ್ರಿ ಗುಂಪುಗಳನ್ನು ಹುಡುಕುತ್ತಿತ್ತು, ಹೊಸದು ಒಬ್ಬರನ್ನು ಹುಡುಕುತ್ತೆ. ಆದರೂ ಒಳಗಿನ ಪ್ರಶ್ನೆ ಅದೇ: ಈ ಎರಡರ ನಡುವೆ ದೂರ ಎಷ್ಟು? ಮೊದಲು ಕೊಟ್ಟ ಬೆರಳಿಗೂ ಈಗ ಒತ್ತಿದ ಬೆರಳಿಗೂ ದೂರ ಕಡಿಮೆ ಇದ್ದರೆ ಅದೇ ವ್ಯಕ್ತಿ, ಹೆಚ್ಚಿದ್ದರೆ ಬೇರೆ. ಎಲ್ಲಿಗೆ ಗೆರೆ ಹಾಕಬೇಕು? ಗೆರೆಯನ್ನು ಸಡಿಲ ಮಾಡಿದರೆ ಬೇರೆಯವರು ಒಳಗೆ ಬರ್ತಾರೆ. ಬಿಗಿ ಮಾಡಿದರೆ ಸರಿಯಾದವರೇ ಹೊರಗೆ ಉಳೀತಾರೆ. ಎರಡೂ ತಪ್ಪನ್ನು ಒಟ್ಟಿಗೆ ಸೊನ್ನೆ ಮಾಡೋಕೆ ಆಗಲ್ಲ.

ಮತ್ತೆ, ಆ ತಪ್ಪು ಎಲ್ಲರಿಗೂ ಸಮನಾಗಿ ಹಂಚಿಕೆಯಾಗಲ್ಲ. ಗಾರೆ ಕೆಲಸ ಮಾಡಿ, ಪಾತ್ರೆ ತಿಕ್ಕಿ, ಬಟ್ಟೆ ಒಗೆದು ಸವೆದ ಬೆರಳಿನ ಗೆರೆಗಳು ಮಷಿನ್ನಿಗೆ ಸರಿಯಾಗಿ ಕಾಣಲ್ಲ. ವಯಸ್ಸಾದವರ ಬೆರಳೂ ಹಾಗೇ. ಒಂದು ಸಿಸ್ಟಂ ನೂರಕ್ಕೆ ಒಬ್ಬರನ್ನು ಮಾತ್ರ ತಪ್ಪಾಗಿ ತಳ್ಳುತ್ತೆ ಅಂತ ಇಟ್ಟುಕೊಳ್ಳಿ. ವೈವಾದಲ್ಲಿ "99 ಪರ್ಸೆಂಟ್ ಆಕ್ಯುರಸಿ ಸರ್" ಅಂತ ಎದೆ ತಟ್ಟಿಕೊಳ್ಳಬಹುದು. ಅದೇ ಸಿಸ್ಟಂ ದಿನಕ್ಕೆ ಹತ್ತು ಲಕ್ಷ ಜನರನ್ನು ನೋಡಿದರೆ ಹತ್ತು ಸಾವಿರ ಜನ ವಾಪಸ್ ಹೋಗ್ತಾರೆ. ಲ್ಯಾಪ್‌ಟಾಪ್ ಮುಟ್ಟಿ ಬೆಳೆದ ನಮ್ಮ ಮೆತ್ತಗಿನ ಬೆರಳು ಆ ಹತ್ತು ಸಾವಿರದಲ್ಲಿ ಸೇರೋದು ಅಪರೂಪ. ನ್ಯಾಯಬೆಲೆ ಅಂಗಡಿಯ ಮುಂದೆ ಕೂಲಿ ಬಿಟ್ಟು ನಿಂತವರದ್ದು ಸೇರುತ್ತೆ. ಇಲ್ಲಿ ಯಾರೂ ಮೂಗು ಹಿಡಿದು ಮೇಲು ಕೀಳು ಅಂದಿಲ್ಲ. ಆದರೂ ಏಣಿ ತಾನಾಗಿಯೇ ಎದ್ದು ನಿಂತಿತು.

ಕೋಡ್ ಬರೆಯೋ ಮುಂಚೆ

ಈ ಸೆಮಿಸ್ಟರ್ ಫೇಸ್ ರೆಕಗ್ನಿಶನ್, ಹೆಲ್ತ್ ಸ್ಕೋರ್, ಗಿಡದ ಎಲೆ ನೋಡಿ ರೋಗ ಹೇಳುವ ಪ್ರಾಜೆಕ್ಟ್ ಮಾಡ್ತಿರೋರು ನಮ್ಮಲ್ಲೇ ಎಷ್ಟೋ ಜನ ಇದ್ದಾರೆ. ಎಲ್ಲವೂ ಜೀವದ ಅಳತೆಯೇ. ಫಂಕ್ಷನ್ ಕಾಲ್ ಮಾಡುವ ಮುಂಚೆ ಮೂರು ಪ್ರಶ್ನೆ ಕೇಳಿಕೊಳ್ಳೋಣ. ಒಂದು, ಹಲವು ಅಳತೆ ಇದ್ದಲ್ಲಿ ಅವುಗಳ ಸಂಬಂಧವನ್ನು ಲೆಕ್ಕಕ್ಕೆ ತಗೊಂಡಿದ್ದೀವಾ, ಇಲ್ಲ ಒಂದೇ ಅಂಕಿಗೆ ಜೋತುಬಿದ್ದಿದ್ದೀವಾ? ಎರಡು, ನಮ್ಮ ಡೇಟಾದಲ್ಲಿ ಯಾರ ಮೈ ಇದೆ, ಯಾರದ್ದು ಇಲ್ಲ? ಮೂರು, ನಾವು ಕೊಡ್ತಿರೋದು ದೂರವೋ, ಏಣಿಯೋ?

ಐಎಸ್‌ಐನ ಬೆಂಗಳೂರು ಕೇಂದ್ರ ಇರೋದು ಮೈಸೂರು ರಸ್ತೆಯ ಎಂಟನೇ ಮೈಲಿಯಲ್ಲಿ. ಕತ್ರಿಗುಪ್ಪೆಯಿಂದ ರಿಂಗ್ ರೋಡ್ ಹಿಡಿದು ನಾಯಂಡಹಳ್ಳಿಗೆ ಹೋಗಿ, ಎಡಕ್ಕೆ ಕೆಂಗೇರಿ ಕಡೆ ತಿರುಗಿದರೆ ಸಿಗುತ್ತೆ. ಆ ದಾರಿಯಲ್ಲಿ ಓಡಾಡುವವರು ಬೋರ್ಡು ಕಂಡಾಗ ಹಡಗಲಿಯಲ್ಲಿ ಹುಟ್ಟಿದ ಆ ಎಂಟನೇ ಮಗನನ್ನು ಒಮ್ಮೆ ನೆನೆಸಿಕೊಳ್ಳಿ. ಮೇಲೆ ಮಾಡಿದ ಲೆಕ್ಕವನ್ನು ನಿಮ್ಮ ಕ್ಲಾಸಿನ ಎತ್ತರ, ತೂಕ ಹಾಕಿ ಮಾಡಿ ನೋಡಿ, ಬಂದ ಉತ್ತರ ನಮಗೂ ಕಳಿಸಿ. ಹೆಸರು ಮಾತ್ರ ಬರೀಬೇಡಿ. ತೂಕ ಅವರವರ ಸ್ವಂತ ವಿಷಯ.